ಕಿವಿ ಮುರಿದ ಕಾವಲಿ

ನವೆಂಬರ್ 9, ಶನಿವಾರ

ಮಾಮಿಯ ಮೊಣಕಾಲಿನ ಆಪರೇಶನ್ ಚೆನ್ನಾಗಿ ಆಯಿತು. ಇನ್ನು ಎರಡು ತಿಂಗಳು ಅವರು ಮಣಿಪಾಲದಲ್ಲಿ ಮಗಳು ಝೀನತ್‌ಳ ಫ್ಲ್ಯಾಟಿನಲ್ಲಿರುತ್ತಾರೆ. ಅಲ್ಲಿ ಲಿಫ್ಟ್ ಇದೆ, ಫಿಸಿಯೋಥೆರಪಿ ಹತ್ತಿರವಿದೆ. ಕಾಪುವಿನ ನಮ್ಮ ಮನೆಯಲ್ಲಿ ಮೆಟ್ಟಿಲುಗಳು ಮಾತ್ರ ಇವೆ.

ಇವತ್ತು ವಾರ್ಡಿನಲ್ಲಿ ಮಾಮಿ ನನ್ನ ಕೈ ಹಿಡಿದುಕೊಂಡರು. ಹನ್ನೊಂದು ವರ್ಷದಲ್ಲಿ ಮೊದಲ ಸಲ. ಸೊಸೆಯ ಬಗ್ಗೆ ಕೊನೆಗೂ ಒಂದು ಒಳ್ಳೆಯ ಮಾತು ಬರುತ್ತದೆ ಎಂದು ನನ್ನ ಕಣ್ಣು ತುಂಬಿಯೇ ಬಿಟ್ಟಿತು.

“ಮೋಳೆ, ಕಾವಲಿ ನಿನ್ನ ಕೈಯಲ್ಲಿ ಬಿಟ್ಟು ಬಂದಿದ್ದೇನೆ,” ಎಂದರು. ಮೋಳೆ ಎಂದರೆ ಮಗಳೇ. “ನಾನು ಬರುವಾಗ ಅದು ಹಾಗೆಯೇ ಇದ್ದರೆ ಅಡುಗೆಮನೆ ನಿನಗೆ. ಇಲ್ಲದಿದ್ದರೆ ನಾನು ಇರುವವರೆಗೆ ಒಲೆ ಮುಂದೆ ನಾನೇ. ಆಮೇಲೆ ಝೀನತ್ ಬಂದು ನೋಡಿಕೊಳ್ತಾಳೆ.”

ಝೀನತ್ ಊಟವನ್ನು ಫೋನಿನಲ್ಲಿ ತರಿಸುವವಳು. ಅವಳೂ ನನ್ನನ್ನು ಕನಿಕರದಿಂದ ನೋಡಿದಳು.

ಈ ಕಾವಲಿ ಬೀಡಿನದು, ಅಂದರೆ ಎರಕದ ಕಬ್ಬಿಣದ್ದು, ಹಿಡಿಯಲು ಎರಡು ಕಿವಿಯದು, ಒಂದು ಕಿವಿ ಅರ್ಧ ಮುರಿದದ್ದು. ಮಾಮಿ ಮದುವೆಯಾಗಿ ಬಂದಂದಿನಿಂದ ಅದರ ಮೇಲೆ ನೀರುದೋಸೆ ಬಿಟ್ಟು ಬೇರೇನೂ ಬೆಂದಿಲ್ಲ, ಅದಕ್ಕೆ ಸಾಬೂನು ತಾಗಿಲ್ಲ, ಅದನ್ನು ನಾನು ಮುಟ್ಟಿಲ್ಲ. ಒಮ್ಮೆ ಪಕ್ಕಕ್ಕೆ ಸರಿಸಲು ಹೋದಾಗ “ಕೈ ತೊಳೆದು ಮುಟ್ಟು, ಕಾವಲಿಗೆ ಗೊತ್ತಾಗ್ತದೆ” ಎಂದಿದ್ದರು. ಎಂ.ಎ., ಬಿ.ಎಡ್. ಮಾಡಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು ಒಂದು ಕಬ್ಬಿಣದ ತುಂಡಿನ ಅಭಿಪ್ರಾಯಕ್ಕೆ ಅಂಜಬೇಕು. ಮೊದಲ ದೋಸೆ ಎಲ್ಲರ ಮನೆಯಲ್ಲೂ ಹರಿಯುತ್ತದೆ. ನಮ್ಮ ಮನೆಯಲ್ಲಿ ಅದು ಮಾಮಿಯ ಸಟ್ಟುಗದಿಂದ ನೇರವಾಗಿ ನನ್ನ ತಟ್ಟೆಗೆ ಬೀಳುತ್ತದೆ. ಮದುವೆಯಾದ ಮರುದಿನದಿಂದ ಬೀಳುತ್ತಿದೆ. “ಮೊದಲನೆಯದನ್ನು ಯಾರಾದರೂ ತಿನ್ನಲೇಬೇಕಲ್ಲ” ಎನ್ನುತ್ತಾರೆ. ಆ ‘ಯಾರಾದರೂ’ ಎಂದರೆ ಯಾವತ್ತೂ ನಾನೇ.

ಇದನ್ನೆಲ್ಲ ಇಲ್ಲಿ ಧೈರ್ಯವಾಗಿ ಬರೆಯಬಹುದು. ಮಾಮಿಗೆ ಅರಬಿ ಓದಲು ಬರುತ್ತದೆ, ಕನ್ನಡ ಬಾರದು. ನನ್ನ ಗಂಡ ಫಯಾಝ್‌ಗೆ ಕನ್ನಡ ಬರುತ್ತದೆ, ಓದುವ ಅಭ್ಯಾಸವಿಲ್ಲ.

ಸಂಜೆ ಮನೆಗೆ ಬಂದು ನೇರ ಅಡುಗೆಮನೆಗೆ ಹೋದೆ. ಆಮೇಲೆ ಕಾವಲಿಯನ್ನು, ಕೈ ತೊಳೆಯದೆ, ಎತ್ತಿ ನೋಡಿದೆ. ಗ್ಯಾರೇಜಿನ ನೆಲದ ಹಾಗೆ ಕಪ್ಪು ಕೊಳೆ ಪದರುಗಟ್ಟಿತ್ತು. ಅಡುಗೆಮನೆ ನನ್ನ ಕೈಗೆ ಬರುವುದಾದರೆ ಸ್ವಚ್ಛವಾಗಿ ಬರಲಿ. ಸೋಡಾಪುಡಿ ಹಾಕಿ ನೆನೆಸಿ, ಸ್ಟೀಲ್ ಸ್ಕ್ರಬ್ಬರಿನಲ್ಲಿ ತೋಳು ಕಳಚಿ ಬೀಳುವಷ್ಟು ತಿಕ್ಕಿದೆ. ಕೊನೆಗೆ ಒಳಗಿನಿಂದ ಬೂದುಬಣ್ಣದ ಚಂದದ ಕಬ್ಬಿಣ ಹೊರಬಂತು. ನೀರಿನಲ್ಲೇ ಬಿಟ್ಟಿದ್ದೇನೆ. ನಾಳೆ ನನ್ನ ಕೈಯ ದೋಸೆ.

ನವೆಂಬರ್ 10

ಬೆಳಿಗ್ಗೆ ಕಾವಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಒರೆಸಿದೆ, ಎಣ್ಣೆ ಹಚ್ಚಿದೆ, ಬಿಸ್ಮಿ ಹೇಳಿ ಹಿಟ್ಟು ಹಾಕಿದೆ. ದೋಸೆ ಏಳಲಿಲ್ಲ. ಎರಡನೆಯದೂ ಏಳಲಿಲ್ಲ. ಕೆರೆದು ತೆಗೆದದ್ದನ್ನು ಫಯಾಝ್ ಬಟ್ಟಲಿಗೆ ಹಾಕಿಕೊಂಡು ಚಮಚದಲ್ಲಿ ತಿಂದರು.

“ಉಪ್ಪಿಟ್ಟು ಚೆನ್ನಾಗಿ ಉಂಟು,” ಎಂದರು.

ಒಳ್ಳೆಯ ಮನುಷ್ಯ. ಆದರೆ ಕೆಲವೊಮ್ಮೆ ಸುಮ್ಮನಿರಬೇಕು.

ಮಧ್ಯಾಹ್ನ ಮಾಮಿಯ ಫೋನ್. ಮೊದಲ ಮಾತೇ “ಕಾವಲಿ ಸೌಖ್ಯವಾ?”

“ಸೌಖ್ಯ ಮಾಮಿ.”

“ಫಯಾಝ್?”

“ಅವರೂ ಸೌಖ್ಯ.”

ನವೆಂಬರ್ 11

ಕಾವಲಿ ಒಡೆಯಿತು.

ಚೆನ್ನಾಗಿ ಕಾಯಿಸಿದರೆ ಸರಿಹೋಗುತ್ತದೆ ಎಂದು ಹೊಗೆ ಏಳುವವರೆಗೆ ಕಾಯಿಸಿದೆ. ಕಾದ ಮೇಲೆ ಮಾಮಿ ನೀರು ಹಾಕುತ್ತಿದ್ದದ್ದು ನೆನಪಾಯಿತು. ಅವರು ಹಾಕುತ್ತಿದ್ದದ್ದು ಬೆರಳ ತುದಿಯಿಂದ ನಾಲ್ಕು ಹನಿ. ನಾನು ಹಾಕಿದ್ದು ಒಂದು ಚೊಂಬು.

ಟಂಗ್ ಎಂದಿತು, ಅಷ್ಟೇ. ಎರಡು ತುಂಡು. ಫಯಾಝ್‌ರ ಹಳೆಯ ಲುಂಗಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದೇವೆ. ಇಬ್ಬರೂ ರಾತ್ರಿ ಊಟ ಮಾಡಲಿಲ್ಲ. ಮನೆಯಲ್ಲಿ ಯಾರೋ ತೀರಿಕೊಂಡ ಹಾಗಿತ್ತು.

ನವೆಂಬರ್ 17

ಇಂಥದ್ದೇ ಇನ್ನೊಂದು ಕಾವಲಿ ತಂದು ಮಾಮಿ ಬರುವುದರೊಳಗೆ ಪಳಗಿಸಿಡುವುದು ಎಂದು ತೀರ್ಮಾನಿಸಿದ್ದೇವೆ. ಸುಳ್ಳು ಹೇಳುವುದಲ್ಲ. ಮಾಮಿ ಕೇಳದ ಒಂದು ವಿಷಯವನ್ನು ನಾವಾಗಿ ಹೇಳದಿರುವುದು.

ಹೊಸ ಕಾವಲಿಯಾದರೆ ಹೊಳೆಯುತ್ತದೆ, ಮಾಮಿಗೆ ದೂರದಿಂದಲೇ ತಿಳಿಯುತ್ತದೆ. ಹಾಗಾಗಿ ಸಂತೆಕಟ್ಟೆಯ ಗುಜರಿ ಅಂಗಡಿಗೆ ಹೋದೆವು. ಅಂಗಡಿಯ ಪುತ್ತುಬ್ಬ ಫಯಾಝ್‌ರ ತಂದೆಯ ಪರಿಚಯದವರು, ಗಡ್ಡಕ್ಕೆ ಮದರಂಗಿ ಹಚ್ಚುವ ಮುದುಕ. ಬೀಡಿನ ಕಾವಲಿ ಬೇಕೆಂದಾಗ ಅವರು ನಮಗೆ ಕುರ್ಚಿ ಹಾಕಿ, ಚಹಾ ತರಿಸಿ, ವಿಚಾರಣೆ ಸುರು ಮಾಡಿದರು.

“ಮನೆಯಲ್ಲಿ ಎಷ್ಟು ಜನ?”

“ಮೂವರು.”

“ಗ್ಯಾಸಾ ಕಟ್ಟಿಗೆಯಾ?”

“ಗ್ಯಾಸ್. ಮಣೆಯಲ್ಲಿ ಕೂತು ಮಾಡುವ ತಗ್ಗು ಕಟ್ಟೆ.”

“ಮೊದಲಿನ ಕಾವಲಿಗೆ ಎಂತ ಆಯ್ತು?”

ಫಯಾಝ್ ನನ್ನನ್ನು ನೋಡಿದರು. ನಾನು ಚಹಾದ ಗ್ಲಾಸನ್ನು ನೋಡಿದೆ.

“ತೀರಿಕೊಂಡಿತು,” ಎಂದರು ಫಯಾಝ್.

ಪುತ್ತುಬ್ಬ ತಲೆದೂಗಿ ಒಂದು ನಿಮಿಷ ಮೌನವಾಗಿದ್ದರು. ಆಮೇಲೆ ಒಳಗಿನಿಂದ ಒಂದು ಕಾವಲಿಯನ್ನು ಗೋಣಿಚೀಲದಲ್ಲಿ ಮುಸುಕು ಹಾಕಿಕೊಂಡು ಹೊರತಂದರು. ಅಂಬಲಪಾಡಿಯ ಕಡೆಯ ಭಟ್ಟರ ಮನೆಯದಂತೆ, ಉದ್ದಿನ ದೋಸೆ ಬಿಟ್ಟು ಬೇರೆ ಕಂಡದ್ದಿಲ್ಲವಂತೆ, ತುಂಬಾ ಸಾಧು ಸ್ವಭಾವವಂತೆ. “ಮೀನಿನ ವಾಸನೆ ಅಭ್ಯಾಸ ಇಲ್ಲ. ಸ್ವಲ್ಪ ದಿನ ನೀವೇ ಅನುಸರಿಸಿಕೊಂಡು ಹೋಗ್ಬೇಕು,” ಎಂದರು.

ಹೆಣ್ಣು ನೋಡಲು ಹೋದ ಮನೆಯಲ್ಲೂ ಇಷ್ಟು ಪ್ರಶ್ನೆ ಕೇಳುವುದಿಲ್ಲ. ನನ್ನ ಮದುವೆಯ ಹೊತ್ತಿಗೆ ನನ್ನ ಬಗ್ಗೆ ಯಾರೂ ಇಷ್ಟು ಹೇಳಿರಲಿಲ್ಲ.

ನವೆಂಬರ್ 24

ಭಟ್ಟರ ಮನೆಯ ಕಾವಲಿ ಹೊಂದಿಕೊಳ್ಳುತ್ತಿಲ್ಲ. ಬಂಗುಡೆ ಹುರಿದ ದಿನ ಮರುಬೆಳಿಗ್ಗೆ ದೋಸೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ತರಕಾರಿ ಮಾಡಿದ ದಿನ ಅರ್ಧ ಬಿಡುತ್ತದೆ. ಇದು ಕಾಕತಾಳೀಯ, ನನಗೆ ಗೊತ್ತು. ಆದರೂ ಈ ವಾರ ಮೀನು ತರುವುದು ಬೇಡ ಎಂದು ಫಯಾಝ್‌ಗೆ ಹೇಳಿದ್ದೇನೆ. ಸಮುದ್ರ ಕಾಣುವ ಮನೆಯಲ್ಲಿ ಕೂತು ಅವರು ಪಡುವಲಕಾಯಿ ತಿನ್ನುತ್ತಿದ್ದಾರೆ.

ಮುಂಜಾಗ್ರತೆಗೆ ಪುತ್ತುಬ್ಬನವರಿಂದ ಇನ್ನೊಂದು ತಂದೆವು. ಕಾರ್ಕಳದ ನನ್ನ ಅಮ್ಮನ ನೆರೆಮನೆಯಲ್ಲಿ ಬ್ಯಾಪ್ಟಿಸ್ಟ್ ಅಂಕಲ್ ದನದ ಹಟ್ಟಿಯ ಬಾಗಿಲಿಗೆ ಒತ್ತು ಕೊಟ್ಟಿದ್ದ ಒಂದನ್ನೂ ಕೇಳಿ ತಂದೆ. ಈಗ ಅವರ ಹಟ್ಟಿಯ ಬಾಗಿಲು ಬಡಿದುಕೊಳ್ಳುತ್ತದಂತೆ. ಪಾಪ. ಆದರೆ ಅಂಥ ಕಾವಲಿಯನ್ನು ಸೆಗಣಿಯಲ್ಲಿ ಇಡುವವರಿಗೆ ಅಷ್ಟಾದರೂ ಆಗಬೇಕು.

ಡಿಸೆಂಬರ್ 1, ಭಾನುವಾರ

ಕಾರ್ಕಳದ ಕಾವಲಿ ಗಾತ್ರದಲ್ಲೂ ದಪ್ಪದಲ್ಲೂ ಮಾಮಿಯದರ ಹಾಗೆಯೇ ಇದೆ. ಕೊರತೆ ಒಂದೇ, ಎರಡು ಕಿವಿಯೂ ಗಟ್ಟಿಯಾಗಿವೆ. ಒಂದನ್ನು ಮುರಿಸಬೇಕು.

ಯಾವುದನ್ನು? ಹಳೆಯ ಪೆರ್ನಾಲ್ ಹಬ್ಬದ ಫೋಟೋ ಒಂದು ಸಿಕ್ಕಿತು. ಮಾಮಿ ಒಲೆಯ ಮುಂದೆ, ಮಗನ ಕಡೆ ಬೆನ್ನು ಹಾಕಿ, ಕಾವಲಿಯ ಕಡೆ ಮುಖ ಮಾಡಿ ಕೂತಿದ್ದಾರೆ. ಫೋಟೋದಲ್ಲಿ ಮುರಿದ ಕಿವಿ ಎಡಕ್ಕಿತ್ತು. ಬಲಕ್ಕೆ ಎಂದು ನನ್ನ ನೆನಪು. ಫಯಾಝ್ ಚಪ್ಪಲಿ ವ್ಯಾಪಾರಿ, ಲೋಕದಲ್ಲಿರುವ ಸಕಲ ವಸ್ತುಗಳಿಗೂ ಎಡ ಬಲ ಇದೆಯೆಂದು ನಂಬಿದವರು. “ಎಡದ್ದು ಎಡದ್ದೇ ಮಾರಾಯ್ತಿ, ನಾನು ದಿನಾ ಇದೇ ಕೆಲಸ ಮಾಡುವುದು ಅಲ್ವಾ,” ಎಂದರು. ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಎದುರು ಕೂತು ನೋಡಿದವಳು ನಾನು, ನಿಮಗೆ ದೋಸೆ ಬಿಟ್ಟು ಬೇರೆ ಏನು ಕಂಡಿದೆ ಎಂದೆ. ಮಾತಿಗೆ ಮಾತು ಬೆಳೆಯಿತು. ಅವರು ನನ್ನ ಅಣ್ಣನ ಮದುವೆಯ ಬಿರಿಯಾನಿಯವರೆಗೆ ಹೋದರು, ನಾನು ಅವರ ಗೊರಕೆಯವರೆಗೆ ಹೋದೆ. ಮಧ್ಯಾಹ್ನದ ಅನ್ನ ಸೀದುಹೋಯಿತು.

ಕೊನೆಗೆ ಸಿಟ್ಟಿನಲ್ಲಿ ಅವರು ಕಾವಲಿಯನ್ನು ಮೇಜಿನ ಮೇಲೆ ಕುಕ್ಕಿದರು. ಅದು ಅರ್ಧ ಸುತ್ತು ತಿರುಗಿ ನಿಂತಿತು.

ಇಬ್ಬರೂ ಅದನ್ನು ನೋಡಿದೆವು. ಅವರು ಬೆರಳಿನಿಂದ ಇನ್ನರ್ಧ ಸುತ್ತು ತಿರುಗಿಸಿದರು. ಎಡದ ಕಿವಿ ಬಲಕ್ಕೆ ಬಂತು.

ಈ ವಿಷಯವನ್ನು ಇನ್ನು ಯಾವತ್ತೂ ಮಾತನಾಡುವುದಿಲ್ಲ ಎಂದು ಇಬ್ಬರೂ ಒಪ್ಪಿಕೊಂಡಿದ್ದೇವೆ.

ಡಿಸೆಂಬರ್ 3

ವರ್ಕ್‌ಶಾಪಿನ ಶೆಲ್ಡನ್ ಒಂದು ಕಿವಿಯನ್ನು ಅರ್ಧ ಕತ್ತರಿಸಿ ಕೊಟ್ಟ. ಮೊದಲು ಮೂರು ಸಲ ಕೇಳಿದ, “ಜೋಡಿಸುವುದಾ, ಮುರಿಯುವುದಾ?” ಮುರಿದ ಮೇಲೆ ಫಯಾಝ್‌ರನ್ನು ಬದಿಗೆ ಕರೆದು ಮನೆಯಲ್ಲಿ ಎಲ್ಲ ಸರಿಯಾಗಿ ಉಂಟಲ್ವಾ ಎಂದು ವಿಚಾರಿಸಿದನಂತೆ.

ಡಿಸೆಂಬರ್ 8

ಬಾಗಿಲು ತೆರೆದರೆ ಪುತ್ತುಬ್ಬ. ಒಗೆದ ಬಿಳಿ ಅಂಗಿ, ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ. “ಈ ಕಡೆ ಬಂದಿದ್ದೆ, ಹಾಗೆ ನೋಡಿಕೊಂಡು ಹೋಗುವ ಅಂತ,” ಎಂದರು. ನಮ್ಮನ್ನಲ್ಲ. ನೇರ ಅಡುಗೆಮನೆಗೆ ಹೋಗಿ ಭಟ್ಟರ ಮನೆಯ ಕಾವಲಿಯನ್ನು ಎತ್ತಿ, ಬೆನ್ನು ಸವರಿ, “ಸ್ವಲ್ಪ ಸೊರಗಿದೆ,” ಎಂದರು.

ನನಗೆ ತುಂಬಾ ಅವಮಾನವಾಯಿತು. ನಾನು ಅದಕ್ಕೆ ಏನು ಕಡಿಮೆ ಮಾಡಿದ್ದೇನೆ? ದಿನಾ ಗಂಜಿತಿಳಿ, ದಿನಾ ತೆಂಗಿನೆಣ್ಣೆ. ಹಾಗೆಂದೇ ಹೇಳಿದೆ. ಅವರು ಒಂದು ದೋಸೆ ತಿಂದು ಹೋಗುತ್ತೇನೆ ಎಂದು ಕೂತರು. ಹರಿದದ್ದು ಕೊಟ್ಟೆ.

ಡಿಸೆಂಬರ್ 15

ಕಾವಲಿಗಳು ಈಗ ಕಪಾಟಿನಲ್ಲಿ, ಮಂಚದ ಅಡಿಯಲ್ಲಿ, ವಾಷಿಂಗ್ ಮೆಷಿನ್ನಿನ ಮೇಲೆ ಇವೆ. ಫಯಾಝ್ ನಸುಕಿನಲ್ಲಿ ನಮಾಝಿಗೆ ಏಳುವಾಗ ಕಾಲ್ಬೆರಳು ಜಜ್ಜಿಕೊಂಡರು. ನಾನು ಗಾಬರಿಯಿಂದ ಎದ್ದು ಲೈಟ್ ಹಾಕಿ ನೋಡಿದೆ. ಪುಣ್ಯಕ್ಕೆ ಕಾವಲಿಗೆ ಏನೂ ಆಗಿರಲಿಲ್ಲ.

ಕೆಲಸದ ಕ್ರಮ ಈಗ ಕೈಗೆ ಬಂದಿದೆ. ಅಂಗಳದಲ್ಲಿ ತೆಂಗಿನ ಸಿಪ್ಪೆಯ ಬೆಂಕಿಯಲ್ಲಿ ಸುಟ್ಟರೆ ಹಳೆಯ ತುಕ್ಕು ಹೊಟ್ಟಿನ ಹಾಗೆ ಉದುರುತ್ತದೆ. ತಾನಾಗಿ ತಣ್ಣಗಾಗುವವರೆಗೆ ಕಾಯಬೇಕು, ಅವಸರ ಮಾಡಬಾರದು. (ಇದನ್ನು ನಾನು ಹೇಗೆ ಕಲಿತೆನೆಂಬುದು ಅಟ್ಟಕ್ಕೆ ಗೊತ್ತು.) ಆಮೇಲೆ ಬೂದಿ ಹಾಕಿ ತಿಕ್ಕಿ, ಗಂಜಿತಿಳಿಯಲ್ಲಿ ಒಂದು ರಾತ್ರಿ ಇಟ್ಟು, ಒರೆಸಿ, ತೆಳ್ಳಗೆ ಎಣ್ಣೆ ಸವರಿ ಸಣ್ಣ ಉರಿಯಲ್ಲಿ ಕಾಯಿಸಬೇಕು. ಮತ್ತೆ ಎಣ್ಣೆ, ಮತ್ತೆ ಉರಿ. ಅರ್ಧ ಕತ್ತರಿಸಿದ ನೀರುಳ್ಳಿಯನ್ನು ಸುತ್ತು ಹಾಕಿ ಉಜ್ಜುತ್ತಿದ್ದರೆ ಕಬ್ಬಿಣ ನಿಧಾನವಾಗಿ ಕಪ್ಪಾಗುತ್ತ ಬರುತ್ತದೆ. ಆ ಕಪ್ಪನ್ನು ಕೊಳೆ ಎನ್ನುವವರನ್ನು ಏನೆನ್ನಬೇಕೋ.

ಇದೆಲ್ಲ ಮಾಮಿಯ ಕಣ್ಣು ತಪ್ಪಿಸಲಿಕ್ಕೆ ಮಾತ್ರ. ನನಗೆ ಇದರಲ್ಲಿ ಆಸಕ್ತಿ ಏನೂ ಇಲ್ಲ.

ಡಿಸೆಂಬರ್ 19

ವಿಡಿಯೋ ಕಾಲ್. ಮಾಮಿ ವಾಕರ್ ಹಿಡಿದು ನಡೆಯುತ್ತಿದ್ದಾರೆ. “ಕಾವಲಿ ತೋರಿಸು,” ಎಂದರು. ಕಿವಿ ಮುರಿದದ್ದನ್ನು ದೂರದಿಂದ ತೋರಿಸಿದೆ. “ಹತ್ತಿರ ಹಿಡಿ.” ಹಿಡಿದೆ. “ತಿರುಗಿಸು.” ಫಯಾಝ್ ಹಿಂದಿನಿಂದ ಕೆಮ್ಮಿ ಫೋನ್ ಬೀಳಿಸಿದರು. ಅವರಿಗೆ ಇಂಥ ಹೊತ್ತಿನಲ್ಲಿ ಬುದ್ಧಿ ಓಡುತ್ತದೆ.

ಡಿಸೆಂಬರ್ 22, ಭಾನುವಾರ

ಎದ್ದಿತು!

ಕಿವಿ ಮುರಿದ ಕಾವಲಿಯಲ್ಲಿ ನೀರುದೋಸೆ ಅಂಚಿನಿಂದ ತಾನಾಗಿ ಬಿಟ್ಟುಕೊಂಡು ಬಂತು. ಸಟ್ಟುಗ ಬೇಕಾಗಲಿಲ್ಲ. ಬೆರಳಿನಲ್ಲಿ ಎತ್ತಿದೆ. ಬೆಳಕಿಗೆ ಹಿಡಿದರೆ ಆಚೆ ಬದಿಯಲ್ಲಿ ಫಯಾಝ್‌ರ ಮೂಗು ಕಾಣುತ್ತಿತ್ತು. ಸಂತೋಷಕ್ಕೆ ಅಳು ಬಂತು. ಬಿ.ಎಡ್. ರಿಸಲ್ಟಿನ ದಿನ ಕೂಡ ಹೀಗಾಗಿರಲಿಲ್ಲ.

ನಾಳೆ ಸ್ಟಾಫ್ ರೂಮಿಗೆ ತೆಗೆದುಕೊಂಡು ಹೋಗುತ್ತೇನೆ. ದೋಸೆಯನ್ನು. ಕಾವಲಿಯನ್ನು ಅಲ್ಲಿಗೆಲ್ಲ ಒಯ್ಯಲು ಆಗುವುದಿಲ್ಲ. ಗಣಿತದ ವೆರೊನಿಕಾ ಟೀಚರ್ ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಎಲ್ಲವನ್ನೂ ಮುಟ್ಟುತ್ತಾರೆ.

ಡಿಸೆಂಬರ್ 29

ಅನಾಹುತವಾಗಿದೆ.

ನಮ್ಮ ಮನೆಯ ಹಿಂದಿನ ಬಾಡಿಗೆ ಮನೆಗಳ ಸಾಲಿನಲ್ಲಿ ರಾಚವ್ವ ಇದ್ದಾಳೆ, ಬಾಗಲಕೋಟೆ ಕಡೆಯವಳು, ಕಟ್ಟಡದ ಕೆಲಸ. ಅವಳ ಮನೆಗೆ ಊರಿನಿಂದ ನೆಂಟರು ಬಂದಿದ್ದರಂತೆ, ಅವಳ ಹಂಚು ಸಣ್ಣದಾಯಿತಂತೆ, ಒಂದು ಕೇಳಲು ಬಂದಳಂತೆ. ನಾನು ಪೇಟೆಗೆ ಹೋಗಿದ್ದೆ. ಫಯಾಝ್ ಮನೆಯಲ್ಲಿರುವ ಅಷ್ಟೂ ಕಾವಲಿಗಳನ್ನು ಬಿಟ್ಟು ಒಲೆಯ ಮೇಲಿದ್ದದ್ದನ್ನು ಎತ್ತಿ ಕೊಟ್ಟಿದ್ದಾರೆ. ಅವಳು ಅದರ ಮೇಲೆ ಜೋಳದ ರೊಟ್ಟಿ ಮಾಡಿದ್ದಾಳೆ. ಒಂದು ಹತ್ತಲ್ಲ, ಊರಿಗೇ ಆಗುವಷ್ಟು.

ದೋಸೆಯ ಕಾವಲಿಯಲ್ಲಿ ರೊಟ್ಟಿ!

ಓಡಿದೆ. ಅವಳು ತೊಳೆದು, ಬಿಸಿಲಿಗೆ ಒಣಗಿಸಿ, ಗೌರವದಿಂದ ಎರಡೂ ಕೈಯಲ್ಲಿ ಕೊಟ್ಟಳು. ಮೇಲೆ ನಾಲ್ಕು ರೊಟ್ಟಿ, ಸ್ವಲ್ಪ ಶೇಂಗಾ ಚಟ್ನಿ.

“ಇದರಲ್ಲಿ ರೊಟ್ಟಿ ಯಾಕೆ ಮಾಡಿದ್ದು ರಾಚವ್ವಾ?”

“ಯಾಕ್ರೀ ಟೀಚರಕ್ಕಾ, ಹಂಚಿನ ಮ್ಯಾಲ ರೊಟ್ಟಿ ಮಾಡ್ದ ಏನ್ ಮಾಡ್ಬೇಕ್ರಿ?”

“ಇನ್ನು ದೋಸೆ ಏಳುವುದಿಲ್ಲ. ಅದಕ್ಕೆ ಸಿಟ್ಟು ಬರ್ತದೆ.”

“ಯಾರಿಗ್ರಿ, ಅಣ್ಣಾರಿಗೆ?”

“ಕಾವಲಿಗೆ. ಕಾವಲಿಗೆ ಎಲ್ಲ ಗೊತ್ತಾಗ್ತದೆ.”

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. “ನಮ್ಮ ಅತ್ತೀನೂ ಹಿಂಗ ಇದ್ಳರೀ,” ಎಂದು ಮೆಲ್ಲಗೆ ಹೇಳಿದಳು. ಅವಳ ಅತ್ತೆಯ ವಿಷಯ ಈಗ ಯಾಕೆ ಬಂತೋ.

ನಾನು ಹೇಳಿದ ಹಾಗೆಯೇ ಆಯಿತು. ಸಂಜೆ ಹಾಕಿದ ದೋಸೆ ಕಚ್ಚಿಕೊಂಡು ಕೂತಿತು. ರೊಟ್ಟಿ ಮಾತ್ರ ಬಹಳ ಚೆನ್ನಾಗಿತ್ತು. ಸಿಟ್ಟಿನಲ್ಲೇ ಎರಡು ತಿಂದೆ. ಫಯಾಝ್ ಚಪ್ಪಲಿ ಅಂಗಡಿಯಿಂದ ಇನ್ನೂ ಬಂದಿಲ್ಲ. ಭಾನುವಾರ ಅಂಗಡಿಗೆ ರಜೆ.

ಡಿಸೆಂಬರ್ 30

ಮಾಮಿ ಜನವರಿ ಹನ್ನೆರಡಕ್ಕೆ ಬರುತ್ತಾರಂತೆ. ಮತ್ತೆ ಮೊದಲಿನಿಂದ. ಬೆಂಕಿ, ಬೂದಿ, ಗಂಜಿತಿಳಿ.

ಅಡುಗೆಮನೆ ಹೋಗುತ್ತದೆಯೋ ಏನೋ. ನವೆಂಬರಿನಲ್ಲಿ ಹೋಗಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಈಗ ಈ ಒಲೆಯ ಮುಂದೆ ಬೇರೆ ಯಾರಾದರೂ ಕೂರುವುದನ್ನು ನೆನೆಸಲಿಕ್ಕೂ ಆಗುವುದಿಲ್ಲ.

ಜನವರಿ 7

ಅರ್ಧ ಏಳುತ್ತದೆ.

ಜನವರಿ 10

ಪೂರ್ತಿ ಎದ್ದಿತು. ಫಯಾಝ್ ಹತ್ತಿರ ಬಂದು ನೋಡಲು ಹೊರಟರು. ಅಲ್ಲಿಂದಲೇ ನೋಡಿ ಎಂದೆ.

ಕುಳಿತು ಏಳುವಾಗ ಮೊಣಕಾಲು ಸ್ವಲ್ಪ ಹಿಡಿಯುತ್ತದೆ. ಮಾಮಿಯ ಮಣೆ ತುಂಬಾ ತಗ್ಗು. ಆದರೆ ಬೇರೆ ಕಡೆ ಕೂತರೆ ಉರಿ ಸರಿಯಾಗಿ ಕಾಣುವುದಿಲ್ಲ.

ಜನವರಿ 12, ಭಾನುವಾರ

ಮಾಮಿ ಬಂದರು. ಒಂದೊಂದೇ ಮೆಟ್ಟಿಲು ಹತ್ತಿ, ಫಯಾಝ್‌ರ ಹೆಗಲು ಹಿಡಿದುಕೊಂಡು ನೇರ ಅಡುಗೆಮನೆಗೇ ಬಂದು ಕುರ್ಚಿಯಲ್ಲಿ ಕೂತರು. ಮಣೆಯಲ್ಲಿ ಇನ್ನು ಕೂರುವ ಹಾಗಿಲ್ಲವಂತೆ, ಡಾಕ್ಟರ್ ಹೇಳಿದ್ದಾರೆ. ಕೈಚೀಲದಿಂದ ಒಂದು ಬಣ್ಣದ ಡಬ್ಬ ತೆಗೆದರು.

“ಇಕೋ, ನಿನಗೆ. ನಾನ್‌ಸ್ಟಿಕ್. ಝೀನತ್ ಮನೆಯಲ್ಲಿ ಇದರಲ್ಲೇ ಮಾಡುವುದು. ಹಗುರ ಉಂಟು, ಎಣ್ಣೆ ಬೇಡ, ಸಾಬೂನಿನಲ್ಲಿ ತೊಳೆದರಾಯ್ತು. ಆ ಭಾರದ್ದನ್ನು ಇನ್ನು ಯಾರು ಎತ್ತುವುದು ಮಾರಾಯ್ತಿ.”

ಎರಡು ತಿಂಗಳು ಮಣಿಪಾಲದಲ್ಲಿದ್ದರೆ ಮನುಷ್ಯ ಹೀಗೂ ಆಗಬಹುದೇ?

“ಮಾಮಿ, ಈ ಮನೆಯ ಒಲೆಗೆ ಅದು ಏರುವುದಿಲ್ಲ,” ಎಂದೆ.

ಫಯಾಝ್ ಗೋಡೆಗೆ ಒರಗಿದರು. ಮಾಮಿ ನನ್ನನ್ನೇ ನೋಡಿದರು. ಆಮೇಲೆ ಕೈ ಚಾಚಿ ಒಲೆಯ ಬದಿಯಲ್ಲಿದ್ದ ಕಿವಿ ಮುರಿದ ಕಾವಲಿಯನ್ನು ಬೆರಳ ಗೆಣ್ಣಿನಿಂದ ಒಮ್ಮೆ ಬಡಿದು, ಆ ಸದ್ದು ಮುಗಿಯುವವರೆಗೆ ಕಿವಿಗೊಟ್ಟರು.

“ಇದು ಯಾರ ಕಾವಲಿ?”

“ನನ್ನದು,” ಎಂದೆ. “ಕೈ ತೊಳೆದು ಮುಟ್ಟಿ.”

ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ಬಂತು, ಹೇಳಿದೆ. ಹೊರಗಿನಿಂದ ಬಂದವರು, ಕೈಯಲ್ಲಿ ಏನೇನು ಇರುತ್ತದೋ.

“ನನ್ನದು ಎಲ್ಲಿ?”

“ಅಟ್ಟದಲ್ಲಿ. ಎರಡಾಗಿ ಉಂಟು.”

ಮಾಮಿ ಕಣ್ಣು ಮುಚ್ಚಿ ಏನೋ ದುವಾ ಹೇಳಿಕೊಂಡರು. ಮುಗಿಯಿತು, ಅಡುಗೆಮನೆಯೂ ಹೋಯಿತು, ಮಾನವೂ ಹೋಯಿತು, ನಾಳೆ ಕಾಪುವಿಗೆಲ್ಲ ಗೊತ್ತಾಗುತ್ತದೆ ಎಂದುಕೊಂಡೆ. ಅವರು ವಾಕರ್ ಹಿಡಿದು ಎದ್ದರು. ನಲ್ಲಿಯ ಹತ್ತಿರ ಹೋಗಿ, ಎರಡೂ ಕೈಗಳನ್ನು ಮಣಿಕಟ್ಟಿನವರೆಗೆ ತೊಳೆದು, ತಲೆವಸ್ತ್ರದ ಅಂಚಿಗೆ ಒರೆಸಿಕೊಂಡು ಮತ್ತೆ ಬಂದು ಕೂತರು.

“ಹಿಟ್ಟು ಉಂಟಾ?” ಎಂದು ಕೇಳಿದರು.

ಹಿಟ್ಟಿತ್ತು. ನಾನ್‌ಸ್ಟಿಕ್ ತವಾವನ್ನು ಹಿಟ್ಟಿನ ಪಾತ್ರೆಗೆ ಮುಚ್ಚಳ ಮಾಡಿದೆ, ಅದಕ್ಕೆ ಸರಿಯಾಗಿ ಕೂರುತ್ತದೆ. ಮಣೆಯಲ್ಲಿ ಕೂತು ಕಾವಲಿ ಕಾಯಿಸಿದೆ. ನಾಲ್ಕು ಹನಿ ಚಿಮುಕಿಸಿದೆ, ನೀರುಳ್ಳಿ ಸುತ್ತಿದೆ, ಹಿಟ್ಟು ಹಾಕಿದೆ. ಮೊದಲನೆಯದು ಹರಿಯಿತು. ಸಟ್ಟುಗದಲ್ಲಿ ಎತ್ತಿ ಮಾಮಿಯ ತಟ್ಟೆಗೆ ಹಾಕಿದೆ. ಯಾರಾದರೂ ತಿನ್ನಲೇಬೇಕಲ್ಲ.

ಮಾಮಿ ತಟ್ಟೆಯನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ನಗಲು ಸುರು ಮಾಡಿದವರು ನಿಲ್ಲಿಸಲೇ ಇಲ್ಲ. ಕಣ್ಣಲ್ಲಿ ನೀರು ಬರುವವರೆಗೆ, ಆಪರೇಶನ್ ಆದ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಕ್ಕರು. ಅವರು ಹಾಗೆ ನಗುವುದನ್ನು ನಾನು ಈ ಮನೆಗೆ ಬಂದ ಮೇಲೆ ಕಂಡದ್ದೇ ಇಲ್ಲ. ಫಯಾಝ್ ಕೂಡ ನಕ್ಕರು. ಏನಾಯಿತು ಎಂದು ಎಷ್ಟು ಕೇಳಿದರೂ ಇಬ್ಬರೂ ಹೇಳಲಿಲ್ಲ. ಮಾಮಿ ಆ ಹರಿದ ದೋಸೆಯನ್ನು ಚೂರು ಬಿಡದೆ ತಿಂದು “ಇನ್ನು ಸರಿಯಾದ್ದು ಹಾಕು ಮೋಳೆ” ಎಂದರು.

ಮಾತ್ರೆಗಳ ಪರಿಣಾಮ ಇರಬೇಕು. ನಾಳೆ ಫಯಾಝ್ ಹತ್ತಿರ ಡಾಕ್ಟರಿಗೆ ಒಮ್ಮೆ ಫೋನ್ ಮಾಡಿಸಬೇಕು.